ಬಿಟ್ಟ ಎಳೆ

ಇಸ್ತ್ರಿಪೆಟ್ಟಿಗೆ ಫ್ರಿಜ್ಜಿನಲ್ಲಿತ್ತು.
ಬೆಣ್ಣೆಯ ಪಕ್ಕ, ತಣ್ಣಗೆ,
ವೈರನ್ನು ಬಾಲದ ಹಾಗೆ ಸುತ್ತಿಕೊಂಡು.
ಪುಣ್ಯ, ಬೆಣ್ಣೆಯಿಂದ ಅಂಗಿ ತೀಡಿರಲಿಲ್ಲ ನಾನು.

ನಗಬೇಡ ಹಾಲ್ಷ್ಕಾ,
ಮುಂದಿನ ಮಾರ್ಚಿಗೆ ನಿನಗೂ ಎಪ್ಪತ್ತೈದು.

ವೂಚ್ ಊರಿನ ಹತ್ತಿ ಗಿರಣಿಯಲ್ಲಿ
ಮೂವತ್ತೊಂದು ವರ್ಷ ನನಗಿದ್ದದ್ದು ಒಂದೇ ಕೆಲಸ:
ತಪ್ಪು ಹುಡುಕುವುದು.
ಓರೆ ಮೇಜು, ಅದರಡಿಯಲ್ಲಿ ಟ್ಯೂಬ್‌ಲೈಟು,
ಮೇಲೆ ಹೊಳೆಯ ಹಾಗೆ ಸರಿಯುವ ಬಟ್ಟೆ.
ಹಾಸಿನಲ್ಲಿ ಎಳೆ ಕಡಿದಿದ್ದರೆ,
ಹೊಕ್ಕಿನಲ್ಲಿ ಲಾಳಿ ಒಂದು ಓಟ ತಪ್ಪಿದ್ದರೆ,
ಎಣ್ಣೆಯ ಚುಕ್ಕಿ ಬಿದ್ದಿದ್ದರೆ
ಅಂಚಿಗೆ ಸೀಮೆಸುಣ್ಣದ ಗೀಟು.
ಗೀಟಿಗೆ ಇಷ್ಟೆಂದು ನೇಯ್ದವಳ ಸಂಬಳದಲ್ಲಿ ಕಡಿತ.
ಬೊಗುಮಿವಾಳ ಕಣ್ಣಿಗೆ ಧೂಳೂ ಹೆದರುತ್ತದೆ
ಎಂದು ಎದುರಿಗೆ ಹೇಳುತ್ತಿದ್ದರು.
ಬೆನ್ನ ಹಿಂದೆ ಏನೆನ್ನುತ್ತಿದ್ದರೋ, ಅದೂ ಗೊತ್ತು.

ಈಗ ಆ ಕಣ್ಣು ಮನೆಯೊಳಗೆ ತಿರುಗಿದೆ.
ಏಪ್ರನ್ನಿನ ಕಿಸೆಯಲ್ಲಿ ಸುಣ್ಣದ ಚೂರು,
(ಅದನ್ನೂ ಕೆಲವು ದಿನ ಹುಡುಕುತ್ತೇನೆ, ಕೈಯಲ್ಲೇ ಹಿಡಿದು)
ತಪ್ಪು ಸಿಕ್ಕಿದಲ್ಲಿ ಗೀಟು.
ಫ್ರಿಜ್ಜಿನ ಬಾಗಿಲಿಗೆ ಒಂದು.
ಒಲೆಯ ಪಕ್ಕದ ಗೋಡೆಗೆ ಎರಡು:
ಗ್ಯಾಸು ಹಚ್ಚಿ ಪಾತ್ರೆ ಇಡದ ದಿನದ್ದು,
ಪಾತ್ರೆ ಇಟ್ಟು ಗ್ಯಾಸು ಹಚ್ಚದೆ
ರೇಡಿಯೋದಲ್ಲಿ ಹವಾಮಾನ ಕೇಳುತ್ತ
ಬೀಟ್‌ರೂಟ್ ಬೇಯಲೆಂದು ಮುಕ್ಕಾಲು ಗಂಟೆ ಕಾದ ದಿನದ್ದು.
ಸೌತೆಕಾಯಿಯ ಭರಣಿಗಳು ಆರು.
ಸಬ್ಬಸಿಗೆ, ಬೆಳ್ಳುಳ್ಳಿ, ಚೆರ್ರಿಯ ಎಲೆ, ಎಲ್ಲಕ್ಕೂ ಬಿತ್ತು.
ಉಪ್ಪು ಮಾತ್ರ ಮೂರಕ್ಕೆ ಎರಡೆರಡು ಸಲ,
ಉಳಿದ ಮೂರಕ್ಕೆ ಇಲ್ಲವೇ ಇಲ್ಲ.
ಸರಾಸರಿ ತೆಗೆದರೆ ತಪ್ಪೇನೂ ಇಲ್ಲ;
ನಮ್ಮ ಮ್ಯಾನೇಜರು ಹೀಗೇ ಲೆಕ್ಕ ಬರೆಯುತ್ತಿದ್ದ.

ಮೊನ್ನೆ ಕಸ ಹಾಕಲು ನಾಲ್ಕು ಮಹಡಿ ಇಳಿದೆನಲ್ಲ,
ತೊಟ್ಟಿಯ ಮುಚ್ಚಳ ಎತ್ತಿ ನೋಡಿದರೆ
ಕೈಯಲ್ಲಿ ಕಸವೇ ಇಲ್ಲ.
ಆ ಗೀಟನ್ನು ಎಲ್ಲಿ ಹಾಕಲಿ?
ಮೆಟ್ಟಿಲು ಎಂಬತ್ತು ಇವೆ.
ನೀನು ಮೂರನೆಯ ಮಹಡಿಯ ಬಾಗಿಲಲ್ಲಿ
‘ವಾಕಿಂಗಾ?’ ಎಂದೆ. ಹೌದೆಂದೆ.
ಟ್ರಾಮಿನ ನಿಲ್ದಾಣದವರೆಗೂ ಹೋಗಿ ಬಂದೆ,
ಹೇಳಿದ ಸುಳ್ಳಿಗೆ ಮರ್ಯಾದೆಯಿರಲೆಂದು.

ನಿಜ ಹೇಳಲೇ?
ಮೊದಲೂ ಮರೆತಿದ್ದೇನೆ ನಾನು.
ಆ ಚಳಿಗಾಲ, ಹನ್ನೆರಡನೆಯ ಮಗ್ಗದ ಗ್ರಾಝಿನಾ,
ಏಳು ತಿಂಗಳ ಬಸುರಿ, ರಾತ್ರಿ ಪಾಳಿ.
ಅವಳ ಥಾನಿನಲ್ಲಿ ಗಜಕ್ಕೊಂದು ಎಳೆ ಬಿಟ್ಟಿತ್ತು.
ಕಾಣಲಿಲ್ಲವೆಂದು ಹೇಗೆ ಹೇಳಲಿ,
ಆ ಸಂದಿಯಿಂದ ಬೆಳಕು ನೇರ ಕಣ್ಣಿಗೇ ಚುಚ್ಚಿತು.
ಸುಣ್ಣ ಹಿಡಿದ ಕೈ
ಮೂಗು ತುರಿಸಿಕೊಂಡಿತು.
ಬಟ್ಟೆ ಸರಿದು ಹೋಯಿತು.
ಆ ವಾರ, ಅದರ ಮರುವಾರ, ಹೆರಿಗೆಯ ತನಕ.
ಯಾವುದೋ ಊರಲ್ಲಿ ಯಾರೋ ಆ ದುಪ್ಪಟಿ ಹಾಸಿ ಮಲಗಿರಬೇಕು.
ನಿದ್ದೆ ಬಂದೇ ಇರುತ್ತದೆ.

ಅದು ನಾನು ಮಾಡಿದ ಮರೆವು.
ಇದು ತಾನಾಗಿ ಆಗುವುದು.
ಎರಡಕ್ಕೂ ಒಂದೇ ಮಾತಿರುವುದು
ಭಾಷೆಯಲ್ಲಿ ಎಳೆ ಬಿಟ್ಟ ಹಾಗೆ ಕಾಣುತ್ತದೆ ನನಗೆ.

ಇವತ್ತು ಬೆಳಿಗ್ಗೆ
ಬಚ್ಚಲಿನ ಕನ್ನಡಿಯ ಅಂಚಿಗೆ ಒಂದು ಗೀಟು.
ಕೈ ನನ್ನದೇ, ಎಡಕ್ಕೆ ತುಸು ವಾಲಿದ್ದು.
ಇಲ್ಲೇನು ತಪ್ಪಿತ್ತು?
ಸಾಬೂನು ಇದೆ. ನಲ್ಲಿ ಮುಚ್ಚಿದೆ.
ಹಲ್ಲಿನ ಸೆಟ್ಟು ಲೋಟದಲ್ಲಿದೆ.
ಟವೆಲ್ಲು ಹಿಡಿದು ನಿಂತೇ ಇದ್ದೆ,
ಕನ್ನಡಿಯೊಳಗಿನವಳೂ ನಿಂತೇ ಇದ್ದಳು.
ಯಾವ ತಪ್ಪೇ ಇದು, ಎಂದು ಕೇಳಿದೆ.

ಅವಳು ನನ್ನನ್ನು ಚೆನ್ನಾಗಿ ನೋಡಿ
ಮೂಗು ತುರಿಸಿಕೊಂಡಳು.